ನೆಗ್ಗಿಲು ಮುಳ್ಳು, ಒಂದೇ ಗೇರು

ಪ್ರಿಯ ಓದುಗರೇ,

ಈ ಸಂಚಿಕೆ ನಾಲ್ಕು ದಿನ ತಡವಾಗಿ ನಿಮ್ಮ ಕೈ ಸೇರುತ್ತಿದೆ. ಅದಕ್ಕೆ ಕಾರಣ ನಾನು, ಕ್ಷಮಿಸಿ. ಅಕ್ಟೋಬರ್‌ನಲ್ಲಿ ಎರಡು ಮನೆಯವರು ಸೇರಿ ಮೌಂಟನ್ ಬೈಕು, ಟೆಂಟು ಹೇರಿಕೊಂಡು ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೆ ಹೋಗಿದ್ದೆವು. ವಾಪಸ್ ಬಂದ ಮೇಲೂ ಮನಸ್ಸು ಅಲ್ಲೇ ಇತ್ತು. ಬೇರೆ ವಿಷಯ ಬರೆಯಲು ಕೂತರೆ ಕೈ ಓಡಲೇ ಇಲ್ಲ.

ಮೊದಲ ಎಡವಟ್ಟು ಹೈವೇಯಲ್ಲೇ ಆಯಿತು. ದಾರಿಯಲ್ಲಿ ಕಾರು ನಿಲ್ಲಿಸಿ ಇಳಿದರೆ ಸುಟ್ಟ ರಬ್ಬರಿನ ವಾಸನೆ. ಹಿಂದಿನ ರ‍್ಯಾಕ್‌ನಲ್ಲಿದ್ದ ಒಂದು ಬೈಕಿನ ಚಕ್ರ ಸೈಲೆನ್ಸರ್ ಕೊಳವೆಯ ಬಾಯಿಗೆ ಸರಿಯಾಗಿ ಎದುರಿತ್ತು. ಬಿಸಿ ಹೊಗೆಗೆ ಟೈರು ಗೇಣುದ್ದ ಮೆತ್ತಗಾಗಿ ಹೋಗಿತ್ತು. ಊರು ಮುಟ್ಟಿದ ಕೂಡಲೇ ಹೊಸ ಟೈರು ಹಾಕಿಸಿದೆವು. ರಾತ್ರಿ ಗಾಳಿ ಬೀಸಿ ಟೆಂಟಿನ ಗೂಟಗಳೆಲ್ಲ ಕಿತ್ತು ಬಂದವು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಗುಂಡಿ ತೋಡಿ ಹೂತೆವು. ಆಮೇಲೆ ಟೆಂಟು ಅಲುಗಾಡಲಿಲ್ಲ.

ಬೆಳಗ್ಗೆ ನೋಡಿದರೆ ನನ್ನ ಬೈಕಿನ ಹಿಂದಿನ ಚಕ್ರದಲ್ಲಿ ಗಾಳಿಯೇ ಇಲ್ಲ. ಟ್ಯೂಬ್ ಬದಲಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಪುಸ್ ಎಂದಿತು. ಆಗ ನನ್ನ ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳಿಗೆ 14 ವರ್ಷ. "ಅಪ್ಪಾ, ಟೈರಿನ ಒಳಗೆ ಬೆರಳಾಡಿಸಿ ನೋಡಿದ್ಯಾ?" ಎಂದಳು. ನೋಡಿರಲಿಲ್ಲ. ಅವಳು ಒಳಮೈ ಸವರಿಕೊಂಡು ಸುತ್ತು ಬಂದು, ಒಂದು ಕಡೆ ನಿಲ್ಲಿಸಿ, ಉಗುರಿನಿಂದ ಒಂದು ಮುಳ್ಳು ಎತ್ತಿ ನನ್ನ ಅಂಗೈಗೆ ಹಾಕಿದಳು.

ನೋಡಿ ಮೈ ಜುಂ ಎಂದಿತು. ನೆಗ್ಗಿಲು! ಕಡಲೆಕಾಳಿಗಿಂತ ಚಿಕ್ಕದು, ಒಣಗಿದ ಕಂದು ಬಣ್ಣ, ಕೊಂಬಿನ ಹಾಗೆ ಎರಡು ಗಟ್ಟಿ ಮುಳ್ಳು. ಇಲ್ಲಿಯವರು ಇದನ್ನೇ ಗೋಟ್‌ಹೆಡ್, ಅಂದರೆ ಮೇಕೆ ತಲೆ ಎನ್ನುತ್ತಾರೆ. ಗಿಡ ಅದೇ. ನೆಲದ ಮೇಲೆ ಹರಡುವ ರೀತಿ, ಪುಟ್ಟ ಹಳದಿ ಹೂವು ಕೂಡ ಅದೇ. ಅಮೆರಿಕಕ್ಕೆ ಹೊರಗಿನಿಂದ ಬಂದು ಬೇರು ಬಿಟ್ಟ ಗಿಡ ಇದು. ಕಾಯಿ ಒಡೆದು ತುಂಡು ಹೇಗೇ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಬರಿಗಾಲಲ್ಲಿ ಓಡಾಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೂರನೇ ದಿನ ಸ್ಲಿಕ್‌ರಾಕ್ ಟ್ರೇಲ್. 1969ರಲ್ಲಿ ಮೋಟರ್‌ಸೈಕಲ್‌ಗಳಿಗೆ ಅಂತ ಗುರುತು ಮಾಡಿದ ದಾರಿ, ಆಮೇಲೆ ಮೌಂಟನ್ ಬೈಕಿನವರು ಇದನ್ನು ಜಗತ್ತಿಗೇ ಪರಿಚಯಿಸಿದರು. 18 ಕೋಟಿ ವರ್ಷಕ್ಕೂ ಹಿಂದಿನ ಮರಳುದಿಬ್ಬಗಳು ಗಟ್ಟಿಯಾಗಿ ಆದ ಬಂಡೆ ಇದು. ಸ್ಲಿಕ್‌ರಾಕ್, ಅಂದರೆ ಜಾರುವ ಬಂಡೆ ಎಂಬ ಹೆಸರು ಬಂದದ್ದು ಕುದುರೆಗಳ ಲಾಳ ಜಾರುತ್ತಿದ್ದರಿಂದ. ರಬ್ಬರ್ ಟೈರು ಮಾತ್ರ ಅಂಟಿದ ಹಾಗೆ ಹಿಡಿಯುತ್ತದೆ. ಇದರ ಮೇಲೆ ಹತ್ತಲಾರೆ ಎನಿಸುವ ಏರನ್ನೂ ಬೈಕು ಹತ್ತಿಬಿಡುತ್ತದೆ. ಬಂಡೆಯ ಮೇಲೆ ಬಳಿದ ಬಿಳಿ ಗೆರೆಗಳೇ ದಾರಿ.

ಅಲ್ಲಿ ಒಂದು ಇಳಿಜಾರಿನಲ್ಲಿ ಮಗಳು ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಬೈಕಿನ ಡಿರೇಲರ್ ಹ್ಯಾಂಗರ್ ಮುರಿದಿತ್ತು. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಬೆರಳುದ್ದದ ಅಲ್ಯುಮಿನಿಯಂ ತುಂಡು ಅದು. ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಬಿದ್ದಾಗ ಅದು ಮುರಿಯಬೇಕು, ಫ್ರೇಮ್ ಉಳಿಯಬೇಕು. ಆದರೆ ಎಷ್ಟೋ ಬೈಕುಗಳಿಗೆ ಅವುಗಳದ್ದೇ ಅಳತೆಯ ಹ್ಯಾಂಗರ್ ಬೇಕು. ನಮ್ಮ ಹತ್ತಿರ ಇನ್ನೊಂದು ಇರಲಿಲ್ಲ.

ಬೈಕನ್ನು ದಾರಿಯಿಂದ ಆಚೆ, ಕಪ್ಪು ಮಣ್ಣಿನ ಕಡೆಗೆ ಎಳೆಯಲು ಹೋದೆ. ಹಿಂದಿನಿಂದ ಬಂದ ಹೆಂಗಸೊಬ್ಬರು "ದಯವಿಟ್ಟು ಬಂಡೆಯ ಮೇಲೇ ಇರಿ" ಎಂದು ಕೂಗಿದರು. ಆ ಮಣ್ಣಿಗೆ ಜೀವವಿದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಎಳೆಗಳು ಮರಳನ್ನು ಹೊಲಿದು, ಗಾಳಿಗೆ ಹಾರದಂತೆ ಹಿಡಿದಿರುತ್ತವೆ. ಒಂದು ಹೆಜ್ಜೆ ಇಟ್ಟರೆ ಪುಡಿಯಾಗುತ್ತದೆ, ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕು. ನನ್ನ ಕಾಲು ಅದಕ್ಕೆ ತಾಗುವಷ್ಟು ಹತ್ತಿರವಿತ್ತು. ಅವರು ಕೂಗದಿದ್ದರೆ ಅನ್ನೋದು ಈಗಲೂ ನೆನಪಾಗುತ್ತದೆ.

ರಿಪೇರಿ ಮಾಡಿದ್ದು ಮಗಳೇ. ಚೈನಿನ ಕೊಂಡಿ ಬಿಚ್ಚುವ ಚೈನ್ ಟೂಲ್ ನನ್ನ ಚೀಲದಲ್ಲಿತ್ತು, ಬಳಸಲು ಬರುತ್ತಿದ್ದದ್ದು ಅವಳಿಗೆ. ಡಿರೇಲರ್ ಬಿಚ್ಚಿದಳು. ಚೈನನ್ನು ನೇರವಾಗಿ ಕೂರುವ ನಡುವಿನ ಹಲ್ಲುಚಕ್ರಕ್ಕೆ ಹಾಕಿ, ಹೆಚ್ಚಿನ ಕೊಂಡಿಗಳನ್ನು ತೆಗೆದು, ಕ್ವಿಕ್ ಲಿಂಕ್ ಎಂಬ ಜೋಡಿಸುವ ಕೊಂಡಿಯಿಂದ ಎರಡು ತುದಿಗಳನ್ನೂ ಸೇರಿಸಿದಳು. ಹಿಂದಿನ ಬ್ರೇಕ್ ಹಿಡಿದು ಪೆಡಲ್ ಮೇಲೆ ಜೋರಾಗಿ ಒತ್ತಿದಳು. ಟಕ್ ಎಂದು ಕೂತಿತು. ಕೈಯೆಲ್ಲ ಕಪ್ಪು ಗ್ರೀಸು, ಮುಖದಲ್ಲಿ ಒಂದು ಗೆರೆ ಗ್ರೀಸು. ನಾವು ಮೂವರು ದೊಡ್ಡವರು ಸುಮ್ನೆ ನಿಂತು ನೋಡುತ್ತಿದ್ದೆವು.

ಉಳಿದ ದಾರಿಯನ್ನು ಅವಳು ಒಂದೇ ಗೇರಿನಲ್ಲಿ ಬಂದಳು. ಜಾಸ್ತಿ ಏರು ಬಂದಲ್ಲಿ ಇಳಿದು ತಳ್ಳಿದಳು. ನಾವೂ ಇಳಿದು ಅವಳ ಜೊತೆ ನಡೆದೆವು. ಹಾಗೆ ನಡೆದಾಗಲೇ ಕೆಳಗೆ ಕೊಲೊರಾಡೊ ನದಿ, ಹಿಂದೆ ಲಾ ಸಾಲ್ ಬೆಟ್ಟಗಳು ಕಣ್ತುಂಬ ಕಂಡದ್ದು.

ನಮ್ಮ ಸಂಘದಲ್ಲಿ ಬೈಕು ಓಡಿಸುವ ಮಕ್ಕಳು ತುಂಬಾ ಇದ್ದಾರೆ. ಪಂಕ್ಚರ್ ಹಾಕಲು ಬರುವವರು ಎಷ್ಟು ಜನ? ಹಾಗಾಗಿ ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಗ್ಗೆ 10ಕ್ಕೆ, ನಾವು ಎಂದಿನಂತೆ ಸೇರುವ ಪಾರ್ಕಿನಲ್ಲಿ, ಎರಡು ಗಂಟೆ ಬರೀ ರಿಪೇರಿ ಕಲಿಯೋಣ. ಟ್ಯೂಬ್ ಬದಲಿಸುವುದು, ಚೈನ್ ಜೋಡಿಸುವುದು. ಕಲಿಸಲು ಮಗಳು ಒಪ್ಪಿದ್ದಾಳೆ. ದೊಡ್ಡವರೂ ಬನ್ನಿ, ನಿಮ್ಮ ಬೈಕನ್ನೇ ತನ್ನಿ. ಅದಕ್ಕೆ ಯಾವ ಮಾದರಿಯ ಹ್ಯಾಂಗರ್ ಬೇಕು ಅಂತ ಮನೆಯಲ್ಲೇ ನೋಡಿ, ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.