ಬಿಸಿಲಿನಲ್ಲೇ ನೀರು ಕಾಯಿಸುವ ದಾರಿ ತೋರಿದ ಹಿರಿಯರಿಗೆ

ಕನಕಪುರ ರಸ್ತೆಯಾಚೆಯ ನಮ್ಮ ತೋಟದ ಮನೆಗೆ ಇನ್ನೂ ವಿದ್ಯುತ್ ಸಂಪರ್ಕ ದೊರೆತಿಲ್ಲ. ಡಿಸೆಂಬರಿನ ಚಳಿಯಲ್ಲಿ ಅಮ್ಮ ಬಂದಿದ್ದರು. ಹಂಡೆಯ ಒಲೆ ಹೊತ್ತಿಸಿದರೆ ಹೊಗೆಗೆ ಅವರ ಉಬ್ಬಸ ಕೆರಳುತ್ತಿತ್ತು. ತಣ್ಣೀರು ಹಾಕಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ದಿಕ್ಕು ತೋಚದೆ ಎಸ್.ಜೆ.ಪಿ. ರಸ್ತೆಯ ಪೈಪಿನ ಅಂಗಡಿಯೊಂದರ ಮುಂದೆ ನಿಂತಿದ್ದೆ.

ಅಲ್ಲಿ ಕೆಲಸ ಮಾಡುವ ತಾವು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ದುಬಾರಿ ಸಾಮಾನು ಯಾವುದನ್ನೂ ತೋರಿಸದೆ, ಒಂದು ಇಂಚಿನ ಕಪ್ಪು ಪೈಪನ್ನು 100 ಅಡಿ ಅಳೆದು ಸುರುಳಿ ಸುತ್ತಿದಿರಿ. ಅದರೊಳಗೆ ಸುಮಾರು 15 ಲೀಟರ್ ನೀರು ನಿಲ್ಲುತ್ತದೆಂದೂ, ಸುರುಳಿಯನ್ನು ತಾರಸಿಯ ಬಿಸಿಲಿಗೆ ಹರಡಿ ಒಂದು ತುದಿಯನ್ನು ಅದಕ್ಕಿಂತ ಎತ್ತರದ ಡ್ರಮ್ಮಿಗೂ ಇನ್ನೊಂದನ್ನು ಬಚ್ಚಲಿನ ನಲ್ಲಿಗೂ ಜೋಡಿಸಿದರೆ ಪಂಪು ಬೇಕಿಲ್ಲವೆಂದೂ ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದಿರಿ. ಶವರ್ ಕೊಳ್ಳಹೊರಟ ನನ್ನನ್ನು ತಡೆದು, ಕಾಯಿಸಿದ ಮೊಳೆಯಿಂದ ಹಳೆಯ ಮುಚ್ಚಳವೊಂದಕ್ಕೆ ತೂತು ಕೊರೆದು, ಅಂಚು ಚುಚ್ಚುವುದೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿ ಕೈಗಿತ್ತಿರಿ. ಅದಕ್ಕೆ ಹಣ ಮುಟ್ಟಲಿಲ್ಲ.

"ಬಿಸಿಲು ಇಳಿಯುವ ಮೊದಲೇ ಅಮ್ಮನವರ ಸ್ನಾನವಾಗಲಿ, ನೀರನ್ನು ಬಕೆಟ್ಟಿಗೆ ಬಿಟ್ಟು ಕೈಯಿಟ್ಟು ನೋಡಿ, ಸುಟ್ಟೀತು" ಎಂದು ಎರಡು ಬಾರಿ ಎಚ್ಚರಿಸಿದಿರಿ.

ಮರುದಿನ ಅಮ್ಮ ತಲೆ ಒರೆಸಿಕೊಳ್ಳುತ್ತಾ "ನೀರು ಹದವಾಗಿತ್ತು ಕಣೋ" ಎಂದಾಗ ನನ್ನೆದೆಯ ಭಾರ ಇಳಿಯಿತು. ತಮ್ಮ ಹೆಸರು ಕೇಳಲು ಮರೆತೆ. ಆ ಬಿಲ್ಲು ನಮ್ಮ ಬಚ್ಚಲಿನ ಬಾಗಿಲಿನ ಮೇಲಿದೆ. ತಮಗೆ ನಮ್ಮಿಬ್ಬರ ನಮಸ್ಕಾರಗಳು.