ಹತ್ತನೇದು ಯಾರ ಮನೆ?

ಅಪ್ಪ ಈಗ ಹುಷಾರಾಗಿದ್ದಾರೆ. ಮೊನ್ನೆ ಜಗಲಿಯಲ್ಲಿ ಕೂತು ಒಂದು ಬುಟ್ಟಿ ಅಡಿಕೆ ಸುಲಿದರು. ಏನಾಗಿತ್ತು, ಎಲ್ಲೆಲ್ಲಿ ತೋರಿಸಿದೆವು ಅನ್ನೋದೆಲ್ಲ ಊರವರಿಗೆ ಗೊತ್ತೇ ಇದೆ. ನಾನು ಬರೆಯಲು ಕೂತದ್ದು 2024ರ ಆಷಾಢದ ಆ ಒಂದು ರಾತ್ರಿಗಾಗಿ.

ಶರಾವತಿ ಹಿನ್ನೀರಿನ ಆಚೆ ದಡದ ನಮ್ಮ ತುಮರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಗೆಲ್ಲ ಸಂಜೆ ನೀರು ದಾಟಿಸುವ ಕೊನೇ ಲಾಂಚ್ ಹೋಯಿತೆಂದರೆ ಸಾಗರ ಪೇಟೆಯ ಮಾತು ಮಾರನೇ ದಿನಕ್ಕೇ. ಇನ್ನೂ ಮುಗಿಯದ ಸೇತುವೆಯ ಕಂಬಗಳೇನೋ ಹಿನ್ನೀರಿನಲ್ಲಿ ಎದ್ದು ನಿಂತಿದ್ದವು, ನೋಡಲಿಕ್ಕೆ. ಅಪ್ಪ ಕುಸಿದದ್ದು ರಾತ್ರಿ ಹತ್ತಕ್ಕೆ. ಫೋನಿಗೆ ನೆಟ್‌ವರ್ಕ್ ಇಲ್ಲ. ಕೆಳಮನೆಯ ಜೀಪಿನ ಮಾವನ ಬಾಗಿಲು ಬಡಿದೆ. ಲುಂಗಿಯಲ್ಲೇ ಹೊರಟುಬಂದರು.

ನಿಟ್ಟೂರು, ನಗರ, ಹೊಸನಗರ ಅಂತ ಸುತ್ತಿ ಹೋಗುವ ದಾರಿ. ಎರಡು ಕಡೆ ಮರ ಬಿದ್ದಿತ್ತು. ಮಾವ ಕತ್ತಿ ಹಿಡಿದು ಇಳಿದರು, ನಾನು ಟಾರ್ಚ್ ಬಿಟ್ಟೆ. ಅಪ್ಪನಿಗೆ ಮಂಪರು. ಮಲಗಲು ಬಿಡಬಾರದೆಂದು ಮಾವ ಜೀಪು ಓಡಿಸುತ್ತಲೇ ಕೂಗಿ ಕೇಳಿದರು: "ಭಾವ, ಮುಳುಗಿದ ಊರಲ್ಲಿ ಎಷ್ಟು ಮನೆ ಇತ್ತು? ಒಂದೊಂದೇ ಹೇಳಿ ನೋಡುವ."

1964ರಲ್ಲಿ ಆ ಊರನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಅಪ್ಪನಿಗೆ ಹನ್ನೆರಡು. ಆ ಊರಿನ ಸುದ್ದಿ ಮನೆಯಲ್ಲಿ ಎತ್ತಿದವರೇ ಅಲ್ಲ. ಅವತ್ತು ತೊದಲುತ್ತ ಹೇಳತೊಡಗಿದರು. ಹೊಳೆಬದಿ ಮನೆ. ಹಲಸಿನಮರದ ಮನೆ. ಬಾವಿಕಟ್ಟೆ ಮನೆ. ಒಂಬತ್ತಕ್ಕೆ ನಿಂತರು. "ಹತ್ತನೇದು ಯಾರದ್ದು ಭಾವ?" ಮಾವ ಕೇಳುತ್ತಲೇ ಇದ್ದರು. ಉತ್ತರವಿಲ್ಲ. ಅಪ್ಪನ ಎದೆ ಮೇಲೆ ಕೈಯಿಟ್ಟಿದ್ದೆ, ಅಲುಗುತ್ತಿರುವುದು ಜೀಪೋ ಉಸಿರೋ ಗೊತ್ತಾಗಲಿಲ್ಲ. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ನಮಗೆ ಕೊಟ್ಟದ್ದು ಈ ಸುತ್ತುದಾರಿ ಅನಿಸಿ ಸಿಟ್ಟು, ಅಳು ಒಟ್ಟಿಗೇ ಬಂದವು. ಹೋಗಲಿ.

ಬೆಳಗಾಗುವವರೆಗೂ ಮಾವ ಅದೇ ಒದ್ದೆ ಲುಂಗಿಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲಿದ್ದರು. ಮನೆಗೆ ಹೋಗಿ ಮಾವ ಅಂದರೆ, "ಹೋಗಿ ಏನ್ ಮಾಡೂದು?" ಅಷ್ಟೇ.

ರಕ್ತ ಕೊಟ್ಟ ಹುಡುಗರಿಗೆ, ದುಡ್ಡು ಹೊಂದಿಸಿದ ಸಂಘದ ಹೆಂಗಸರಿಗೆ, ದನಕರು ನೋಡಿಕೊಂಡು ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಿದ ಕೇರಿಯವರಿಗೆ ಕೈ ಮುಗಿದೆ.

ಡೀಸೆಲ್ ದುಡ್ಡನ್ನು ಮಾವ ಇವತ್ತಿಗೂ ಮುಟ್ಟಿಲ್ಲ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಈಗ ಡಾಕ್ಟರ ಹತ್ತಿರ ಹೋಗುವುದು ಅದರ ಮೇಲೇ, ಅದೇ ಜೀಪಿನಲ್ಲಿ. ಹೋದ ಸಲ ನಡುಸೇತುವೆಯಲ್ಲಿ ಅಪ್ಪ ನೀರು ನೋಡುತ್ತ ತಾವಾಗಿಯೇ ಅಂದರು: "ಹತ್ತನೇದು ನಮ್ಮದೇ ಮಾರಾಯ."