ಕಡತದಲ್ಲಿ ಉಳಿದ ಸಾಲು

ಚಿ. ಪುಟ್ಟಿಗೆ ದೊಡ್ಡಮಾವನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಒಂದು ಮಾತು ಮೂರು ದಿನದಿಂದ ಕೊರೆಯುತ್ತಿದೆ. "ವರದಿಯಲ್ಲಿ ನನ್ನ ಮೇಲೆ ಬರೆದ ಸುಳ್ಳು ಇನ್ನು ಅಳಿಸುವುದಿಲ್ಲ ಮಾವ" ಅಂದಿದ್ದೀಯ. ಬೇರೇನು ಬರೆದಿದ್ದರೂ ನಿದ್ದೆ ಬರುತ್ತಿತ್ತು.

ನೀನು ಹಿಂದೆ ಕಳಿಸಿದ ಅಧ್ಯಾಯವನ್ನು ಮತ್ತೆ ತೆಗೆದು ಓದಿದೆ. ನಿನ್ನ ಸರಕನ್ನು ನಿನಗೇ ಮಾರುತ್ತಿದ್ದೇನೆ, ನಗಬೇಡ. ಜಪಾನಿಯರ ವಿರುದ್ಧ ಜೋಸೊನ್‌ಗೆ, ಅಂದರೆ ಆಗಿನ ಕೊರಿಯಾಕ್ಕೆ, ನೆರವಾಗಲು 1597ರಲ್ಲಿ ಚೀನಾದ ಮಿಂಗ್ ಆಸ್ಥಾನ ಕಳಿಸಿದ ಅಧಿಕಾರಿ ಆ ಯಾಂಗ್ ಹಾವ್. ಚಳಿಗಾಲದಲ್ಲಿ ಉಲ್ಸಾನ್ ಕೋಟೆಯಲ್ಲಿ ಜಪಾನಿ ಸೇನಾಪತಿ ಕಾಟೊ ಕಿಯೊಮಾಸನನ್ನು ಮುತ್ತಿದ. ಒಳಗಿದ್ದವರಿಗೆ ನೀರಿಲ್ಲ, ಅನ್ನವಿಲ್ಲ. ಅಷ್ಟರಲ್ಲಿ ಜಪಾನಿಯರ ನೆರವಿನ ಪಡೆ ಬಂತು, ಇವನು ಹಿಂದೆ ಸರಿದ. ಸೋಲನ್ನು ಮುಚ್ಚಿಟ್ಟಿದ್ದಾನೆಂದು ಮಿಂಗ್ ಅಧಿಕಾರಿಯೇ ಆದ ಡಿಂಗ್ ಯಿಂಗ್‌ತಾಯ್ ಬೀಜಿಂಗಿಗೆ ದೂರು ಬರೆದ. ಯಾಂಗ್ ಹಾವ್‌ನ ಕೆಲಸ ಹೋಯಿತು. ಜೋಸೊನ್‌ನ ಸೊನ್‌ಜೋ ರಾಜ ಮಾತ್ರ ಇವನ ಪರವಾಗಿ ದೂತರನ್ನು ಅಟ್ಟಿದ. ನೀನಿರುವ ಸಿಯೋಲಿನಲ್ಲೇ ಇವನ ಹೆಸರಿಗೆ ಕಲ್ಲು ನಿಲ್ಲಿಸಿದರು.

ಅದನ್ನು ಓದುವಾಗ ನನ್ನ ಕಣ್ಣಮುಂದೆ ಬಂದವನು ಯಾಂಗ್ ಹಾವ್ ಅಲ್ಲ, ನಮ್ಮ ಕಚೇರಿಯ ಒಬ್ಬ ಗುಮಾಸ್ತ. ನಾನು ಶಿರಸ್ತೇದಾರನಾಗಿದ್ದಾಗ ಒಂದು ಕಡತ ಕಾಣೆಯಾಯಿತು. ಆ ವರ್ಷದ ಗೋಪ್ಯ ವರದಿಯಲ್ಲಿ ಅವನ ಹೆಸರಿನ ಮುಂದೆ "ನಂಬಿಕೆಗೆ ಅರ್ಹನಲ್ಲ" ಎಂದು ಬರೆದೆ. ಎರಡೇ ಪದ, ಹಸಿರು ಶಾಯಿ. ಸುಣ್ಣ ಬಳಿಯುವಾಗ ಕಡತ ಬೀರುವಿನ ಹಿಂದೆ ಸಿಕ್ಕಿತು. ತಿದ್ದಿ ಬರೆಯಬಹುದಿತ್ತು. ಮೇಲಿನವರು ಏನೆಂದುಕೊಂಡಾರೋ ಎಂದು ಸುಮ್ಮನಾದೆ. ಅವನ ಬಡ್ತಿ ಆರು ವರ್ಷ ತಡವಾಯಿತು. ನಿಮ್ಮತ್ತೆಗೂ ಇದನ್ನು ಹೇಳಿಲ್ಲ.

ಹಾಗಾಗಿ ಅಳಿಸಿಹೋಗುತ್ತದೆ ಬಿಡು ಎನ್ನಲು ನನಗೆ ಬಾಯಿಲ್ಲ. 1404ರಲ್ಲಿ ಬೇಟೆಯಾಡುತ್ತ ಕುದುರೆಯಿಂದ ಬಿದ್ದ ಜೋಸೊನ್‌ನ ತೇಜೊಂಗ್ ರಾಜ, ಇದು ಇತಿಹಾಸಕಾರನಿಗೆ ಗೊತ್ತಾಗಬಾರದು ಅಂದನಂತೆ. ಆ ಮಾತನ್ನೂ ಸೇರಿಸಿ ಸಿಲ್ಲೊಕ್‌ನಲ್ಲಿ, ಅಂದರೆ ಅವರ ರಾಜವಂಶದ ದಾಖಲೆಯಲ್ಲಿ, ಬರೆದಿಟ್ಟರು. ಮೊದಲ ಸಲ ಓದಿದಾಗ ನಕ್ಕಿದ್ದೆ. ನಿನ್ನ ಕಾಗದ ಬಂದ ಮೇಲೆ ನಗು ಬರಲಿಲ್ಲ.

ಆದರೂ ಒಂದು. ಡಿಂಗ್ ಆಮೇಲೆ ರಾಜನ ಮೇಲೇ ತಿರುಗಿಬಿದ್ದು, ಜೋಸೊನ್ ಜಪಾನಿಯರ ಜೊತೆ ಸೇರಿಕೊಂಡಿದೆ ಎಂದನಲ್ಲ, ಆಗ ಜೋಸೊನ್‌ನವರು ಕೂಗಾಡಲಿಲ್ಲ. ಈ ಜೊಂಗ್‌ಗ್ವಿ ಎಂಬ ಅವರ ಅಧಿಕಾರಿ ಕೂತು ಆಪಾದನೆಗಳಿಗೆ ಉತ್ತರ ಬರೆದ, ಬೀಜಿಂಗಿಗೆ ಒಯ್ದರು. ಕೊನೆಗೆ ಕೆಲಸ ಕಳೆದುಕೊಂಡವನು ಡಿಂಗ್. ನೀನೂ ಆ ವರದಿಯ ನಕಲು ಕೇಳು, ತಾರೀಖು ಹಾಕಿ ಉತ್ತರ ಬರೆದು ಅದೇ ಕಡತಕ್ಕೆ ಸೇರಿಸು ಅನ್ನೋಣವೆಂದರೆ, ಅಲ್ಲಿನ ಕ್ರಮ ನನಗೇನು ಗೊತ್ತು? ರಾತ್ರಿ ಬರೆದದ್ದನ್ನು ಮಾತ್ರ ರಾತ್ರಿಯೇ ಕಳಿಸಬೇಡ.

ನಿನಗೋಸ್ಕರವಾದರೂ ಯಾಂಗ್ ಹಾವ್ ಪೂರ್ತಿ ನಿರಪರಾಧಿಯಾಗಿರಬಾರದಿತ್ತೇ ಎಂದು ಹಾರೈಸಿದೆ. ಇಲ್ಲ, 1619ರಲ್ಲಿ ಸಾರ್ಹುವಿನಲ್ಲಿ ಸೈನ್ಯವನ್ನು ನಾಲ್ಕು ದಿಕ್ಕಿಗೆ ಹರಿದುಹಂಚಿ ಮಂಚು ದೊರೆ ನುರ್ಹಾಚಿಗೆ ಸೋತ. ಸೆರೆಮನೆ, 1629ರಲ್ಲಿ ಮರಣದಂಡನೆ. ನಿನ್ನನ್ನು ಅವನಿಗೆ ಹೋಲಿಸಿದ್ದು ನನ್ನ ತಪ್ಪು. ನೀನೇನನ್ನೂ ಮುಚ್ಚಿಟ್ಟಿಲ್ಲ.

ಅಂಚೆ ಪೆಟ್ಟಿಗೆಗೆ ಆ ಗುಮಾಸ್ತನ ಮನೆ ಮುಂದೆಯೇ ಹೋಗಬೇಕು. ಈಗಲೂ ಕಂಡರೆ ಎದ್ದು ನಿಂತು ಕೈಮುಗಿಯುತ್ತಾನೆ, ಪಾಪ, ಆ ವರದಿ ಬರೆದವನು ಯಾರೆಂದು ಗೊತ್ತಿಲ್ಲ. ಇವತ್ತು ನಿಂತು ಹೇಳಿದೆನೋ ಇಲ್ಲವೋ, ಮುಂದಿನ ಕಾಗದದಲ್ಲಿ ಬರೆಯುತ್ತೇನೆ.

ಇಂತಿ,
ನಿನ್ನ ದೊಡ್ಡಮಾವ